ಭೀಮಾತೀರದ ದೋಣಿಗೆ ತಕ್ಕ ಯಂತ್ರ ಯಾವುದು?

ಭೀಮಾ ನದಿಯ ದಂಡೆಯಲ್ಲಿ ಜಮೀನುಳ್ಳವರಿಗೆ ಪ್ರವಾಹವೆಂಬುದು ಪರರಿಂದ ಕೇಳಿ ತಿಳಿಯತಕ್ಕ ಸಂಗತಿಯಲ್ಲ. 2020ನೆಯ ಇಸವಿಯ ಅಕ್ಟೋಬರಿನಲ್ಲಿ, ಚಿತ್ತಾ ಮಳೆಯ ಕಾಲದಲ್ಲಿ, ಮಹಾರಾಷ್ಟ್ರದ ಉಜನಿ ಮೊದಲಾದ ಜಲಾಶಯಗಳಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲ್ಲೂಕುಗಳ ತೀರದ ಗ್ರಾಮಗಳನ್ನು ಸುತ್ತುಗಟ್ಟಿದಾಗ, ಸಿಕ್ಕಿಬಿದ್ದ ಜನರನ್ನು ದಾಟಿಸಲು ವಿಪತ್ತು ನಿರ್ವಹಣಾ ದಳದ ಯಂತ್ರದ ದೋಣಿಗಳು ಬರಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ನದಿಯು ಪುನಃ ಉಕ್ಕಿ ತೊಗರಿ, ಹತ್ತಿಯ ಹೊಲಗಳ ಮೇಲೆ ಹರಿಯಿತು. ರಸ್ತೆ ಮುಳುಗಿದ ಮೇಲೆ ದಳದವರು ಎಷ್ಟೇ ತ್ವರೆಯಿಂದ ಹೊರಟರೂ ಮೊದಲಿನ ಕೆಲವು ತಾಸುಗಳನ್ನು ಗ್ರಾಮಸ್ಥರು ತಾವೇ ಕಳೆಯಬೇಕಾಗುವುದು. ಆದುದರಿಂದ ಎರಡು ಮೂರು ಗ್ರಾಮಗಳು ಕೂಡಿ ಒಂದು ದೋಣಿಯನ್ನು ಇಟ್ಟುಕೊಳ್ಳುವುದು ಯುಕ್ತವೆಂಬುದರಲ್ಲಿ ಹೆಚ್ಚಿನ ವಾದಕ್ಕೆ ಅವಕಾಶವಿಲ್ಲ. ಹರಗೋಲು ಶಾಂತವಾದ ನೀರಿಗೆ ಸರಿ. ಪ್ರವಾಹದ ಸೆಳವಿಗೆ ಅದು ಸಾಲದು. ದೋಣಿಯ ಹಿಂಬದಿಗೆ ಬಿಗಿಯುವ ಯಂತ್ರವನ್ನು ಆರಿಸುವಲ್ಲಿಯೇ ತಪ್ಪಾಗುವ ಸಂಭವವುಂಟು.

ಇಂಥ ಯಂತ್ರಗಳಲ್ಲಿ ಎರಡು ಜಾತಿ. ಒಂದು ಟೂಸ್ಟ್ರೋಕ್, ಮತ್ತೊಂದು ಫೋರ್‌ಸ್ಟ್ರೋಕ್. ಮೊದಲನೆಯದರಲ್ಲಿ ಪಿಸ್ಟನ್ನು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ, ಅಂದರೆ ಯಂತ್ರದ ಪ್ರತಿಯೊಂದು ಸುತ್ತಿಗೂ, ಪೆಟ್ರೋಲು ಒಮ್ಮೆ ಉರಿಯುವುದು. ಎರಡನೆಯದರಲ್ಲಿ ಎರಡು ಸುತ್ತಿಗೆ ಒಮ್ಮೆ ಉರಿಯುವುದು. ಹಾಗಾಗಿ ಟೂಸ್ಟ್ರೋಕ್ ಯಂತ್ರವು ಸಮಾನ ಶಕ್ತಿಗೆ ಹಗುರ. ಅದರಲ್ಲಿ ವಾಲ್ವುಗಳಿಲ್ಲ, ಪ್ರತ್ಯೇಕವಾದ ಎಣ್ಣೆಯ ತೊಟ್ಟಿಯಿಲ್ಲ. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಬೇಕು. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ದಿ ಮೋಟಾರುಸೈಕಲನ್ನೋ, ಲೂನಾ ಗಾಡಿಯನ್ನೋ ನಡೆಸಿದ ಹಿರಿಯರಿಗೆ ಈ ಬೆರಕೆಯೂ ಅದರ ನೀಲಿ ಹೊಗೆಯೂ ಮರೆತಿರಲಾರದು.

ಅಮೆರಿಕಾದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ ಎಂಬವನು 1909ರಲ್ಲಿ ಮಾರಾಟಕ್ಕೆ ತಂದ ದೋಣಿಯಂತ್ರವು ಟೂಸ್ಟ್ರೋಕ್ ಜಾತಿಯದೇ; ಅದರ ಶಕ್ತಿ ಒಂದೂವರೆ ಅಶ್ವಶಕ್ತಿ ಮಾತ್ರ. ಜಪಾನಿನ ಹೊಂಡಾ ಕಂಪನಿಯು ತನ್ನ ಮೊದಲನೆಯ ಫೋರ್‌ಸ್ಟ್ರೋಕ್ ದೋಣಿಯಂತ್ರವನ್ನು ತಂದದ್ದು 1964ರಲ್ಲಿ. ಹಳೆಯ ಜಾತಿಗೆ ಕುತ್ತು ಬಂದದ್ದು ಅದರ ಒಂದು ಹುಟ್ಟುದೋಷದಿಂದ. ಸಿಲಿಂಡರಿನೊಳಕ್ಕೆ ಹೊಸ ಪೆಟ್ರೋಲು ಬರುವಾಗ ಹೊಗೆ ಹೋಗುವ ದಾರಿಯೂ ತೆರೆದೇ ಇರುವುದರಿಂದ, ಕಾರ್ಬ್ಯುರೇಟರುಳ್ಳ ಹಳೆಯ ಮಾದರಿಗಳಲ್ಲಿ ನೂರಕ್ಕೆ ಇಪ್ಪತ್ತೈದು ಮೂವತ್ತು ಪಾಲಿನವರೆಗೆ ಪೆಟ್ರೋಲು ಉರಿಯದೆಯೇ ಎಣ್ಣೆಸಹಿತ ನೀರಿನ ಪಾಲಾಗುವುದು. ಹಣ ಕೊಟ್ಟು ಕೊಂಡದ್ದನ್ನು ನದಿಗೆ ಸುರಿದಂತೆ! ಅಮೆರಿಕಾ ಸರಕಾರವು 1996ರಲ್ಲಿ ಇದರ ಮೇಲೆ ನಿಯಮ ಮಾಡಿತು. ಟಾಹೋ ಎಂಬ ಸರೋವರದಲ್ಲಿ 1999ರಿಂದ ಇಂಥ ಯಂತ್ರಗಳಿಗೆ ಪ್ರವೇಶವೇ ತಪ್ಪಿತು.

ಈ ವೃತ್ತಾಂತವನ್ನು ಕೇಳಿದವರು ಫೋರ್‌ಸ್ಟ್ರೋಕ್ ಯಂತ್ರವೇ ಎಲ್ಲೆಡೆಗೂ ಉತ್ತಮವೆಂದು ನಿರ್ಣಯಿಸುವುದು ಸಹಜ. ವರ್ಷವಿಡೀ ನಡೆಯತಕ್ಕ ದೋಣಿಗೆ ಆ ನಿರ್ಣಯವು ಸರಿಯೇ. ಬೆಣ್ಣೆತೊರೆ ಜಲಾಶಯದಲ್ಲಿ ಮೀನುಗಾರಿಕೆಗೋ ಕಾವಲಿಗೋ ನಿತ್ಯ ಯಂತ್ರ ನಡೆಸಬೇಕಾದರೆ ಫೋರ್‌ಸ್ಟ್ರೋಕ್ ಹೊರತು ಬೇರೆಯದು ಕೂಡದು. ಪೆಟ್ರೋಲಿನ ಉಳಿತಾಯವು ಹೆಚ್ಚಿನ ಬೆಲೆಯನ್ನು ಕಾಲಕ್ರಮದಲ್ಲಿ ಹಿಂದಿರುಗಿಸುವುದು. ಅದಕ್ಕಿಂತಲೂ ಮುಖ್ಯವಾಗಿ, ಆ ನೀರನ್ನು ಕಲಬುರಗಿ ನಗರದ ಜನ ಕುಡಿಯುತ್ತಾರೆ.

ಆದರೆ ಪ್ರವಾಹದ ದೋಣಿಯ ಪಾಡು ಬೇರೆ. ಅದು ವರ್ಷದಲ್ಲಿ ಹನ್ನೊಂದು ತಿಂಗಳು ಚಾವಡಿಯ ಪಕ್ಕದ ಕೋಣೆಯಲ್ಲಿ ಬಿದ್ದಿರುವುದು. ಬೇಕಾದ ದಿನ ಮಾತ್ರ ಒಂದೇ ಎಳೆತಕ್ಕೆ ಎದ್ದು ನಿಲ್ಲಬೇಕು. ಅಲ್ಲಿ ಪೆಟ್ರೋಲಿನ ಉಳಿತಾಯವನ್ನು ಎಣಿಸುವುದರಿಂದ ಪ್ರಯೋಜನವಿಲ್ಲ. ಹದಿನೈದು ಅಶ್ವಶಕ್ತಿಯ ಟೂಸ್ಟ್ರೋಕ್ ಯಂತ್ರದ ತೂಕ ಸುಮಾರು 36 ಕಿಲೋ. ಅಷ್ಟೇ ಶಕ್ತಿಯ ಫೋರ್‌ಸ್ಟ್ರೋಕಿನದು 50 ಕಿಲೋ ಆಸುಪಾಸು. ಕಪ್ಪು ಭೂಮಿಯ ಕೆಸರಿನಲ್ಲಿ, ಟ್ರ್ಯಾಕ್ಟರ್ ಹೋಗಲಾರದ ಕಡೆ, ಹೆಗಲ ಮೇಲೆ ಹೊರುವವನಿಗೆ ಈ ವ್ಯತ್ಯಾಸವು ಸಣ್ಣದಲ್ಲ. ಟೂಸ್ಟ್ರೋಕನ್ನು ಯಾವ ಮಗ್ಗುಲಿಗೆ ಮಲಗಿಸಿದರೂ ಒಳಗಿನ ಎಣ್ಣೆ ಹರಿದು ಕೆಡುವ ಭಯವಿಲ್ಲ. ಫೋರ್‌ಸ್ಟ್ರೋಕನ್ನು ಪುಸ್ತಕದಲ್ಲಿ ಹೇಳಿದ ಮಗ್ಗುಲಿಗೇ ಮಲಗಿಸಬೇಕು. ಅವಸರದಲ್ಲಿ ಪುಸ್ತಕವನ್ನು ನೋಡುವವರಾರು? ಈ ಕಾರಣಗಳಿಂದ ಪ್ರವಾಹಕ್ಕೆಂದೇ ಮೀಸಲಾದ ದೋಣಿಗೆ, ಹೊಗೆಯ ದೋಷವನ್ನು ಸಹಿಸಿಕೊಂಡು, ಟೂಸ್ಟ್ರೋಕನ್ನೇ ಆರಿಸುವುದು ಲೇಸು.

ಇದಕ್ಕೆ ಬರತಕ್ಕ ಬಲವಾದ ಆಕ್ಷೇಪಣೆ ಒಂದುಂಟು. ಈಗಿನ ಕಾಲದ ಮೆಕ್ಯಾನಿಕ್ ಹುಡುಗರು ಫೋರ್‌ಸ್ಟ್ರೋಕ್ ಬೈಕುಗಳ ಮೇಲೆ ಕೈ ಪಳಗಿಸಿದವರು. ಬೆರಕೆಯ ಲೆಕ್ಕ ಅವರಿಗೆ ರೂಢಿಯಿಲ್ಲ. ಗಾಬರಿಯಲ್ಲಿ ಯಾರಾದರೂ ಬರಿಯ ಪೆಟ್ರೋಲನ್ನು ಸುರಿದರೆಂದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಯಂತ್ರವು ನಡುನೀರಿನಲ್ಲಿ ನಿಲ್ಲುವುದು. ಮಾತು ನಿಜ. ತೊಗರಿಗೆ ಔಷಧ ಹೊಡೆಯುವ ಬೆನ್ನಿನ ಪಂಪುಗಳಲ್ಲಿಯೂ ಇದೇ ಎರಡು ಜಾತಿಗಳಿದ್ದು, ಹೂವಿನ ಕಾಲದಲ್ಲಿ ಕಾಯಿಕೊರಕ ಹುಳು ಬಿದ್ದಾಗ ಪಂಪು ಕಚ್ಚಿಕೊಂಡರೆ ಆಗುವ ನಷ್ಟವನ್ನು ಜಮೀನುದಾರರು ಬಲ್ಲರು. ಎರಡನ್ನೂ ಒಂದೇ ಕೋಣೆಯಲ್ಲಿಡುವ ಗ್ರಾಮವು ಡಬ್ಬಿಗಳಿಗೆ ಬೇರೆ ಬೇರೆ ಬಣ್ಣ ಬಳಿದಿಡಲಿ. ಬೆರಕೆಯು ಸಾಧಾರಣವಾಗಿ ಐವತ್ತಕ್ಕೆ ಒಂದು, ಅಂದರೆ ಲೀಟರಿಗೆ 20 ಮಿಲಿಲೀಟರ್ ಎಣ್ಣೆ. ಯಂತ್ರದ ಪುಸ್ತಕವು ಬೇರೆ ಹೇಳಿದರೆ ಅದೇ ಪ್ರಮಾಣ.

ಬೆರಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡುವುದು ಮಾತ್ರ ಎಂದಿಗೂ ಕೂಡದು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಇಪ್ಪತ್ತು ಪಾಲು ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಹೀರಿಕೊಂಡು, ನೀರಿನೊಡನೆ ಬೇರ್ಪಟ್ಟು ತಳಕ್ಕೆ ಇಳಿಯುವುದು. ಎಣ್ಣೆಯು ಮೇಲಿನ ಪೆಟ್ರೋಲಿನಲ್ಲಿ ಉಳಿಯುವುದು. ಯಂತ್ರವು ತಳದಿಂದ ಎಳೆದುಕೊಂಡಾಗ ಅದಕ್ಕೆ ಎಣ್ಣೆಯೂ ಇಲ್ಲ, ಉರಿಯತಕ್ಕ ಪೆಟ್ರೋಲೂ ಇಲ್ಲ. ಫೋರ್‌ಸ್ಟ್ರೋಕಿಗೂ ಹಳೆಯ ಪೆಟ್ರೋಲು ಶತ್ರುವೇ. ಕಾರ್ಬ್ಯುರೇಟರಿನ ಸೂಜಿಮೊನೆಯಂಥ ರಂಧ್ರಗಳಲ್ಲಿ ಅಂಟು ಕಟ್ಟಿಕೊಂಡರೆ ಹಗ್ಗವನ್ನು ಎಳೆದೆಳೆದು ಕೈ ಸೋಲಬೇಕಷ್ಟೆ. ಆದುದರಿಂದ ಪ್ರತಿ ಸಲವೂ ಪೆಟ್ರೋಲಿನ ಕೊಳವೆಯನ್ನು ಕಳಚಿ, ಯಂತ್ರವು ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬ್ಯುರೇಟರನ್ನು ಬರಿದುಮಾಡಿ ಇಡತಕ್ಕದ್ದು.

ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ಅನಂತರ ಚಿತ್ತಾ ಮಳೆ ಮುಗಿಯುವವರೆಗೆ ಹದಿನೈದು ದಿನಗಳಿಗೊಮ್ಮೆ, ನೀರು ತುಂಬಿದ ಪೀಪಾಯಿಯಲ್ಲಿ ಯಂತ್ರದ ಕಾಲನ್ನು ಮುಳುಗಿಸಿ ಹತ್ತು ನಿಮಿಷ ನಡೆಸಬೇಕು. ಒಣಗಾಲಿನಲ್ಲಿ ನಡೆಸಿದರೆ ತಂಪುನೀರಿನ ಪಂಪಿನ ರಬ್ಬರು ಸುಟ್ಟುಹೋಗುವುದು. ಈ ಕೆಲಸವನ್ನು ಊರೆಲ್ಲರಿಗೂ ಒಪ್ಪಿಸಿದರೆ ಯಾರೂ ಮಾಡುವುದಿಲ್ಲ. ಗೌಡರೂ ಪಂಚಾಯಿತಿಯವರೂ ಕೂಡಿ ಈಜು ಬಲ್ಲ ಇಬ್ಬರನ್ನು ಗೊತ್ತುಮಾಡಿ, ವರ್ಷಕ್ಕಿಷ್ಟೆಂದು ಸಂಭಾವನೆ ಕಟ್ಟಿ, ಕೋಣೆಯ ಬೀಗದ ಕೈಯನ್ನು ಅವರ ಮನೆಯಲ್ಲಿಯೇ ಇಡಿಸಬೇಕು. ತಾಲ್ಲೂಕಿನ ಊರಿಗೆ ಹೋದ ಗುಮಾಸ್ತನ ಜೇಬಿನಲ್ಲಲ್ಲ.