ಹೆಡ್ ಹೋದರೆ ಹುಡುಗನ ಸಂಬಳ ಯಾಕೆ ಹೋಗಬೇಕು?

ನಮ್ಮಂಥ ತಾಲ್ಲೂಕು ವರದಿಗಾರರಿಗೆ ಎಷ್ಟೋ ಸಲ ಪೊಲೀಸ್ ಠಾಣೆಗಿಂತ ಮೊದಲು ಸುದ್ದಿ ಸಿಗುವುದು ಫ್ಲೆಕ್ಸ್ ಅಂಗಡಿಯಲ್ಲಿ. ಯಾರು ತೀರಿಕೊಂಡರು, ಯಾರ ಮನೆಯಲ್ಲಿ ಮದುವೆ, ಪಂಚಾಯ್ತಿಗೆ ಯಾರು ನಿಲ್ಲುತ್ತಾರೆ, ಎಲ್ಲವೂ ಅಲ್ಲಿ ಬಣ್ಣಬಣ್ಣವಾಗಿ ಹೊರಬರುತ್ತೆ. ಹಾಗೆ ಹೋಗಿ ಕೂತಿದ್ದಾಗ ಕಂಡ ಒಂದು ಸಂಗತಿಯನ್ನೇ ಇವತ್ತು ಬರೆಯುತ್ತಿದ್ದೇವೆ.

ಜಾತ್ರೆಯ ವಾರ. ಅಂಗಡಿ ತುಂಬ ಆರ್ಡರ್. ಹತ್ತಡಿ ಅಗಲದ ಮಷಿನ್ ಓಡುತ್ತಿರುವಾಗಲೇ ಒಂದು ಬಣ್ಣ ನಿಂತೇ ಹೋಯಿತು. ಆಪರೇಟರ್ ಹುಡುಗ ನಾಲ್ಕು ವರ್ಷದಿಂದ ಅಲ್ಲೇ ದುಡಿಯುತ್ತಿದ್ದವನು. ಮಾಲೀಕರು ಬಂದು ಒಂದೇ ಮಾತು ಅಂದರು: "ನೀನ ಏನರ ಮಾಡಿರ್ತಿ ಬಿಡು." ಹುಡುಗ "ಇಲ್ಲರೀ ಅಣ್ಣಾರ, ನಾ ಏನೂ ಮುಟ್ಟಿಲ್ಲ" ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಹೊಸ ಹೆಡ್ ತರಿಸಿದರು. ಅದರ ದುಡ್ಡನ್ನು ಅವನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯಲು ಶುರು ಮಾಡಿದರು. ಹೊಸ ಹೆಡ್ಡೂ ಸರಿಯಾಗಿ ಬಾಳಲಿಲ್ಲ. ಕೊನೆಗೆ ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ ಮಷಿನ್ ಹಿಂದಿನ ಗೋಡೆ ನೋಡಿ ನಕ್ಕರು. ಅರ್ಥಿಂಗ್ ವೈರ್ ಎಲ್ಲಿಗೂ ಸೇರದೆ ನೇತಾಡುತ್ತಿತ್ತು.

ವೈರ್ ಸರಿಯಾಯಿತು. ಹಿಡಿದ ಸಂಬಳ ವಾಪಸ್ ಬರಲಿಲ್ಲ.

ನಮ್ಮ ತಕರಾರು ಇಲ್ಲಿದೆ. ಫ್ಲೆಕ್ಸ್ ಮಷಿನ್ ಕೆಟ್ಟರೆ ಕಾರಣ ಹುಡುಕುವುದಕ್ಕೆ ಒಂದು ಕ್ರಮ ಇದೆ. ಆ ಕ್ರಮವನ್ನು ಬಿಟ್ಟು ನೇರವಾಗಿ ಹುಡುಗನ ಮೇಲೆ ಹಾಕುವುದು ಸೋಮಾರಿತನ. ಅದಕ್ಕೆ ಅವನ ಸಂಬಳ ಹಿಡಿಯುವುದು ಅನ್ಯಾಯ.

ಕ್ರಮ ಏನು ಅಂತ ಕೇಳುತ್ತೀರಾ? ಮೂರ್ನಾಲ್ಕು ಅನುಭವಿ ಆಪರೇಟರ್‌ಗಳ ಜೊತೆ ಕೂತು ನಾವು ಕಲಿತದ್ದನ್ನು ಹೇಳುತ್ತೇವೆ.

ಪ್ರಿಂಟಿನಲ್ಲಿ ಅಡ್ಡಗೆರೆ ಬಂತು ಅಂದುಕೊಳ್ಳಿ. ಮೊದಲು ನಾಜಲ್ ಟೆಸ್ಟ್ ತೆಗೆಯಬೇಕು. ಟೆಸ್ಟಿನಲ್ಲೇ ಗೆರೆಗಳು ಕಾಣೆಯಾಗಿದ್ದರೆ ನಾಜಲ್ ಕಟ್ಟಿದೆ, ಇಲ್ಲವೇ ಇಂಕಿನ ದಾರಿಯಲ್ಲಿ ಗಾಳಿ ಸೇರಿದೆ. ಟೆಸ್ಟ್ ಪೂರ್ತಿ ಬಂದು, ಪ್ರಿಂಟಿನಲ್ಲಿ ಮಾತ್ರ ಒಂದೇ ಅಂತರಕ್ಕೆ ಗೆರೆ ಬಿದ್ದರೆ ಹೆಡ್ಡಿನ ತಪ್ಪಿರುವುದು ಕಡಿಮೆ. ಆಗ ರೋಲ್ ಮುಂದೆ ಸರಿಯುವ ಅಳತೆ ನೋಡಬೇಕು. ಬಿಳಿ ಗೆರೆ ಬಿದ್ದರೆ ರೋಲ್ ಹೆಚ್ಚು ಸರಿಯುತ್ತಿದೆ, ಕಪ್ಪಗೆ ದಟ್ಟ ಗೆರೆ ಬಿದ್ದರೆ ಕಡಿಮೆ ಸರಿಯುತ್ತಿದೆ. ಸೆಟ್ಟಿಂಗ್‌ನಲ್ಲಿ ಹೋಗುವ ಈ ದೋಷಕ್ಕೆ ಹೆಡ್ ಬದಲಿಸಿದವರನ್ನೂ ನಾವು ನೋಡಿದ್ದೇವೆ.

ಶುರುವಿನಲ್ಲಿ ಬಣ್ಣ ಚೆನ್ನಾಗಿ ಬಂದು, ನಾಲ್ಕಡಿ ದಾಟಿದ ಮೇಲೆ ತೆಳುವಾಗುತ್ತಾ ಹೋಗುತ್ತಿದೆಯಾ? ಹೆಡ್ಡಿಗೆ ಇಂಕ್ ಸಾಕಷ್ಟು ತಲುಪುತ್ತಿಲ್ಲ. ಫಿಲ್ಟರ್, ಡ್ಯಾಂಪರ್, ಪೈಪು, ಪಂಪು ನೋಡಿ.

ಅಕ್ಷರದ ಪಕ್ಕದಲ್ಲಿ ನೆರಳಿನಂತೆ ಇನ್ನೊಂದು ಅಕ್ಷರ ಕಾಣುತ್ತಿದೆಯಾ? ಹೆಡ್ ಹೋಗುವಾಗ, ಬರುವಾಗ ಹಾಕುವ ಹನಿ ಒಂದೇ ಜಾಗಕ್ಕೆ ಬೀಳುತ್ತಿಲ್ಲ. ಆ ಹೊಂದಾಣಿಕೆ ಸರಿಮಾಡಿ. ಉದ್ದಕ್ಕೆ ಇರುವ ಎನ್‌ಕೋಡರ್ ಪಟ್ಟಿ ಮೇಲೆ ಧೂಳು, ಇಂಕ್ ಕೂತಿದೆಯಾ ನೋಡಿ. ಹೆಡ್ ಫ್ಲೆಕ್ಸಿನಿಂದ ತೀರಾ ಮೇಲಿದ್ದರೂ ಅಕ್ಷರ ಮಬ್ಬಾಗುತ್ತೆ.

ಹೆಡ್ಡನ್ನು ಕೊಲ್ಲುವ ಕಾರಣಗಳು ಬೇರೆಯೇ ಇವೆ. ಹೀಟರ್ ಜಾಸ್ತಿಯಾಗಿ ಫ್ಲೆಕ್ಸಿನ ಅಂಚು ಮೇಲೆದ್ದರೆ ಓಡುವ ಹೆಡ್ ಅದಕ್ಕೆ ಉಜ್ಜುತ್ತೆ. ಮಧ್ಯದಲ್ಲಿ ಕರೆಂಟ್ ಹೋಗಿ ಹೆಡ್ ತನ್ನ ಜಾಗಕ್ಕೆ ಸೇರದೆ ನಿಂತರೆ ಇಂಕ್ ಒಣಗುತ್ತೆ. ಕರೆಂಟ್ ಇರುವಾಗಲೇ ಹೆಡ್ಡಿನ ಪಟ್ಟಿ ಕೇಬಲ್ ಕಿತ್ತು ಹಾಕಿದರೆ ಸುಟ್ಟುಹೋಗಬಹುದು. ಬಿಸಿಲುಗಾಲದ ಒಣಹವೆಯಲ್ಲಿ ರೋಲ್ ಉಜ್ಜುತ್ತಾ ಬರುವಾಗ ಸ್ಥಿರ ವಿದ್ಯುತ್ ಹುಟ್ಟುತ್ತೆ, ಮುಟ್ಟಿದರೆ ಚುರ್ ಅನ್ನುತ್ತೆ. ಅರ್ಥಿಂಗ್ ಇಲ್ಲದಿದ್ದರೆ ಅದು ನೆಲಕ್ಕಿಳಿಯದೆ ಹನಿಗಳನ್ನು ದಾರಿ ತಪ್ಪಿಸುತ್ತೆ, ಹೆಡ್ಡಿಗೂ ಬೋರ್ಡಿಗೂ ಏಟು ಕೊಡುತ್ತೆ.

ಈಗ ಎಣಿಸಿ ನೋಡಿ. ಅರ್ಥಿಂಗ್ ಮಾಡಿಸಬೇಕಾದವರು ಯಾರು? ಯುಪಿಎಸ್ ಇಡಬೇಕಾದವರು ಯಾರು? ಅಗ್ಗದ ಇಂಕ್ ತಂದುಕೊಟ್ಟವರು ಯಾರು? ಜಾತ್ರೆಯ ವಾರ ರಾತ್ರಿಯೆಲ್ಲ ಮಷಿನ್ ಓಡಿಸಿ, ಸ್ವಚ್ಛ ಮಾಡಲು ಹತ್ತು ನಿಮಿಷವೂ ಕೊಡದವರು ಯಾರು? ಇಷ್ಟೆಲ್ಲ ಆದಮೇಲೆ ತಪ್ಪು ಮಾತ್ರ ಹುಡುಗನದ್ದಾ?

ಮಾಲೀಕರ ಕಷ್ಟ ನಮಗೆ ಗೊತ್ತಿಲ್ಲದ್ದೇನಲ್ಲ. ಸಾಲ ತಂದು ಮಷಿನ್ ಹಾಕಿರುತ್ತಾರೆ. ಗಿರಾಕಿ ಚದರಡಿಗೆ ಒಂದು ರೂಪಾಯಿಗೂ ಜಗ್ಗಾಡುತ್ತಾನೆ. ಪುಢಾರಿಗಳ ಬಾಕಿ ಚುನಾವಣೆ ಮುಗಿದರೂ ಬರುವುದಿಲ್ಲ. ಆದರೆ ಆ ನಷ್ಟವನ್ನು ಅಂಗಡಿಯಲ್ಲಿ ಎಲ್ಲರಿಗಿಂತ ಕಡಿಮೆ ದುಡಿಮೆ ಇರುವವನ ಜೇಬಿನಿಂದ ತುಂಬಿಸಿಕೊಳ್ಳುವುದು ಯಾವ ಲೆಕ್ಕ?

ಕಾನೂನೂ ಇದನ್ನು ಒಪ್ಪುವುದಿಲ್ಲ. ಹಿಂದೆ ಇದ್ದ 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿದ್ದದ್ದೂ, ಈಗಿನ 2019ರ ವೇತನ ಸಂಹಿತೆ ಹೇಳುವುದೂ ಒಂದೇ. ಕೆಲಸಗಾರನ ವಶಕ್ಕೆ ಒಪ್ಪಿಸಿದ ವಸ್ತು ಹಾಳಾಗಿ, ಅದು ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಸಂಬಳ ಕಡಿತದ ಮಾತು. ಅದಕ್ಕೂ ಮೊದಲು ಅವನ ಮಾತು ಹೇಳಲು ಅವಕಾಶ ಕೊಡಬೇಕು. "ನೀನ ಏನರ ಮಾಡಿರ್ತಿ ಬಿಡು" ಅನ್ನುವುದು ವಿಚಾರಣೆ ಆಗುವುದಿಲ್ಲ.

ಫ್ಲೆಕ್ಸನ್ನೇ ರಾಜ್ಯ ಸರ್ಕಾರ 2016ರಲ್ಲಿ ನಿಷೇಧಿಸಿದೆಯಲ್ಲ, ನೀವು ಅದರ ಪರ ಬರೆಯುತ್ತೀರಾ ಅಂತ ಕೆಲವರು ಕೇಳಬಹುದು. ಪ್ಲಾಸ್ಟಿಕ್ ಬ್ಯಾನರ್ ಊರು ತುಂಬುವುದು ನಮಗೂ ಬೇಡ. ಇದೇ ಮಷಿನ್‌ಗಳಲ್ಲಿ ಬಟ್ಟೆಯ ಬ್ಯಾನರ್, ಸ್ಟಿಕ್ಕರ್‌ಗಳೂ ಆಗುತ್ತವೆ. ಏನೇ ಪ್ರಿಂಟ್ ಮಾಡಲಿ, ಮಷಿನ್ ಮುಂದೆ ಸಾಲ್ವೆಂಟ್ ವಾಸನೆ ಕುಡಿಯುತ್ತಾ ನಿಲ್ಲುವವನು ಅದೇ ಹುಡುಗ. ನಾವು ಅವನ ಪರ.

ನಮ್ಮ ಬೇಡಿಕೆ ದೊಡ್ಡದಲ್ಲ. ಮಾಲೀಕರೇ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳತೆ ಮಾಡಿಸಿ. ದಿನಾ ಬೆಳಗ್ಗೆ ನಾಜಲ್ ಟೆಸ್ಟ್, ರಾತ್ರಿ ಹೆಡ್ ಸ್ವಚ್ಛತೆಗೆ ಸಮಯ ಕೊಡಿ. ಅಂಗಡಿಗೆ ಗಾಳಿ ಆಡುವಂತೆ ಫ್ಯಾನ್ ಹಾಕಿಸಿ. ಮೇಲೆ ಹೇಳಿದ ಕ್ರಮವನ್ನು ಕನ್ನಡದಲ್ಲೇ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿ, ಪ್ರಿಂಟ್ ಮಾಡುವ ಮಷಿನ್ ನಿಮ್ಮ ಹತ್ತಿರವೇ ಇದೆಯಲ್ಲ!

ಆಪರೇಟರ್ ತಮ್ಮಂದಿರೇ, ನಿಮಗೊಂದು ಮಾತು. ಎರಡು ರೂಪಾಯಿ ಪೆನ್ನು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನದ ಟೆಸ್ಟ್ ಪ್ರಿಂಟನ್ನು ತಾರೀಕು ಹಾಕಿ ಅಂಟಿಸಿ. ಕರೆಂಟ್ ಯಾವಾಗ ಹೋಯಿತು, ಯಾವ ಇಂಕ್ ಹಾಕಿದಿರಿ, ಮಾಲೀಕರಿಗೆ ಏನು ಹೇಳಿದಿರಿ, ಎಲ್ಲವನ್ನೂ ಬರೆಯಿರಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಸಂಬಳ ಹಿಡಿದರೆ ಆ ಪುಸ್ತಕ ಹಿಡಿದುಕೊಂಡು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ.

ಆ ಹುಡುಗ ಈಗ ಬೇರೆ ಊರಿನ ಅಂಗಡಿಯಲ್ಲಿದ್ದಾನೆ. ಮೊದಲ ದಿನ ಮಷಿನ್ ಆನ್ ಮಾಡುವ ಮುಂಚೆ ಅವನು ಹೋಗಿ ನೋಡಿದ್ದು ಹಿಂದಿನ ಗೋಡೆಯನ್ನಂತೆ.