ತುಕ್ಕು ಹಿಡಿದ ಕಾರು, ಉಳಿಸಿಕೊಂಡ ಅಚ್ಚು

ತಯಾರಿಕೆ ನಿಂತುಹೋದ ಮಾಲಿನ ಡೈಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ಸಣ್ಣ ಕೈಗಾರಿಕೆಗಳಲ್ಲಿ ಆಗಾಗ ಏಳುತ್ತಲೇ ಇರುತ್ತದೆ. ಶೆಡ್ಡಿನಲ್ಲಿ ಜಾಗದ ಅಭಾವ. ಆರ್ಡರ್ ಮರಳಿ ಬರುವ ಸೂಚನೆಯಿಲ್ಲ. ಗುಜರಿ ವ್ಯಾಪಾರಿಯಾದರೋ ತೂಕದ ಲೆಕ್ಕದಲ್ಲಿ ಕೂಡಲೇ ಹಣ ಎಣಿಸಿಕೊಡುತ್ತಾನೆ. ಹೀಗಾಗಿ ಅನೇಕ ಕಡೆ ಈ ತೀರ್ಮಾನ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ. ಅಂತಹ ತೀರ್ಮಾನ ಕೈಗೊಳ್ಳುವ ಮುನ್ನ, ಇಂಗ್ಲೆಂಡಿನಲ್ಲಿ ತನ್ನ ಮನೆಯ ಗ್ಯಾರೇಜಿನಲ್ಲಿಯೇ ತುಕ್ಕು ಹಿಡಿದ ಹಳೆಯ ಕನ್ವರ್ಟಿಬಲ್ ಕಾರನ್ನು ಮೊದಲಿನ ಸ್ಥಿತಿಗೆ ತರುವ ಹವ್ಯಾಸಿಯ ಕಡೆಗೆ ಒಮ್ಮೆ ನೋಡುವುದು ಲಾಭದಾಯಕ. ಆತನ ಕೆಲಸ ಸಾಧ್ಯವಾಗಿರುವುದು ಆತನ ಆಸಕ್ತಿಯೊಂದರಿಂದಲೇ ಅಲ್ಲ. ಎಲ್ಲಿಯೋ ಯಾರೋ ಹಳೆಯ ಅಚ್ಚುಗಳನ್ನು ಉಳಿಸಿಕೊಂಡಿದ್ದರಿಂದ. ಈ ಲೇಖನದ ತಾತ್ಪರ್ಯವೂ ಇದೇ.

ಉದಾಹರಣೆಗೆ ಎಂ.ಜಿ.ಬಿ. ಎಂಬ ಕಾರನ್ನೇ ತೆಗೆದುಕೊಳ್ಳೋಣ. ಬಟ್ಟೆಯ ಮೇಲ್ಛಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ, ಇಬ್ಬರು ಕುಳಿತುಕೊಳ್ಳುವ ಈ ಕಾರು 1962ರಲ್ಲಿ ಮಾರುಕಟ್ಟೆಗೆ ಬಂದಿತು. 1,798 ಸಿ.ಸಿ. ಸಾಮರ್ಥ್ಯದ ನಾಲ್ಕು ಸಿಲಿಂಡರಿನ ಎಂಜಿನ್, ಎರಡು ಕಾರ್ಬುರೇಟರ್, ಸರಳವಾದ ಯಂತ್ರಭಾಗಗಳು. ಆಬಿಂಗ್ಡನ್ ಪಟ್ಟಣದ ಕಾರ್ಖಾನೆ 1980ರ ಅಕ್ಟೋಬರಿನಲ್ಲಿ ಮುಚ್ಚುವ ವೇಳೆಗೆ, ಮುಚ್ಚಿದ ಮೇಲ್ಭಾಗದ ಜಿ.ಟಿ. ಮಾದರಿಯೂ ಸೇರಿ ಐದು ಲಕ್ಷಕ್ಕೂ ಮಿಕ್ಕಿ ಕಾರುಗಳು ತಯಾರಾಗಿದ್ದವು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ರಫ್ತಾದವು. ಅಂದರೆ ಇವುಗಳಲ್ಲಿ ಅತ್ಯಂತ ಕಿರಿಯ ಕಾರಿಗೂ ಇಂದು 40 ವರ್ಷ ದಾಟಿದೆ. ಆದರೂ ಇವು ರಸ್ತೆಯಲ್ಲಿವೆ. ಅದಕ್ಕಿಂತ ಮುಖ್ಯವಾಗಿ, ಇವುಗಳ ಸುತ್ತ ಒಂದು ವ್ಯಾಪಾರ ಜೀವಂತವಾಗಿದೆ.

ಈ ಕಾರಿನ ದೊಡ್ಡ ಶತ್ರು ತುಕ್ಕು. ಚಳಿಗಾಲದಲ್ಲಿ ಹಿಮ ಕರಗಿಸಲೆಂದು ಬ್ರಿಟನ್ನಿನ ರಸ್ತೆಗಳ ಮೇಲೆ ಉಪ್ಪು ಹರಡುತ್ತಾರೆ. ಉಪ್ಪುನೀರು ಚಕ್ರಗಳಿಂದ ಸಿಡಿದು ಕಾರಿನ ತಳಭಾಗದ ಸಂದುಗೊಂದುಗಳಲ್ಲಿ ಸೇರಿಕೊಳ್ಳುತ್ತದೆ. ಹಳತಾದ ಬಟ್ಟೆಯ ಛಾವಣಿಯಿಂದ ಸೋರುವ ಮಳೆನೀರು ಒಳಗಿನಿಂದಲೂ ನೆಲದ ತಗಡನ್ನು ನೆನೆಸುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ, ಎರಡು ತಗಡುಗಳು ಕೂಡುವ ಕಡೆ ಬೆಸುಗೆಯೇ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಹೊರಗೆ ಬಣ್ಣದ ಕೆಳಗೆ ಒಂದು ಸಣ್ಣ ಗುಳ್ಳೆ ಕಂಡಿತೆಂದರೆ ಒಳಗೆ ಅಂಗೈ ಅಗಲದ ತಗಡು ಪುಡಿಯಾಗಿದ್ದರೂ ಆಶ್ಚರ್ಯವಿಲ್ಲ.

ಮುಚ್ಚಿದ ಕಾರಿಗಿಂತ ತೆರೆದ ಕಾರಿನಲ್ಲಿ ಇದರ ಅಪಾಯ ಹೆಚ್ಚು. ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಯನ್ನು ತಿರುಚುವುದು ಕಷ್ಟ. ಮುಚ್ಚಳ ತೆಗೆದ ಕೂಡಲೇ ಅದು ಕೈಯಲ್ಲಿ ಬಳುಕುತ್ತದೆ. ಎಂ.ಜಿ.ಬಿ.ಗೆ ಪ್ರತ್ಯೇಕವಾದ ಚಾಸಿಸ್ ಇಲ್ಲ. ಬಾಡಿಯೇ ಭಾರ ಹೊರಬೇಕು. ಮೇಲೆ ಉಕ್ಕಿನ ಛಾವಣಿ ಇಲ್ಲದ್ದರಿಂದ ಆ ಹೊರೆಯಲ್ಲಿ ಬಹುಭಾಗ ಬಾಗಿಲಿನ ಕೆಳಗೆ ಉದ್ದಕ್ಕೂ ಸಾಗುವ, ಸಿಲ್ ಎಂದು ಕರೆಯುವ ಪೆಟ್ಟಿಗೆಯಾಕಾರದ ತೊಲೆಯ ಮೇಲೆ ಬೀಳುತ್ತದೆ. ತುಕ್ಕು ಮೊದಲು ಹಿಡಿಯುವ ಜಾಗಗಳಲ್ಲಿ ಇದೂ ಒಂದು. ಜಾಕ್ ಹಾಕಿ ಎತ್ತಿದಾಗ ಬಾಗಿಲಿನ ಸಂದು ಕಿರಿದಾದರೆ, ಬಾಗಿಲು ತೆರೆಯಲು ಬಿಗಿಯಾದರೆ, ತೊಲೆ ಶಕ್ತಿ ಕಳೆದುಕೊಂಡಿದೆಯೆಂದು ಅನುಭವಿಗಳು ತಿಳಿಯುತ್ತಾರೆ. ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದಾರೆಯೇ ಎಂಬುದನ್ನು ಒಂದು ಸಣ್ಣ ಅಯಸ್ಕಾಂತವೇ ಹೇಳಿಬಿಡುತ್ತದೆ.

ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವವನು ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಕಳಚಿ ದೂರವಿರಿಸುತ್ತಾನೆ. ಕಾರನ್ನು ಸಮತಟ್ಟಾದ ನೆಲದಲ್ಲಿ, ಅಳೆದು ನಿಲ್ಲಿಸಿದ ಆಸರೆಗಳ ಮೇಲೆ ಕೂರಿಸುತ್ತಾನೆ. ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ಬೆಸೆದು ಬಿಗಿಗೊಳಿಸುತ್ತಾನೆ. ಇಲ್ಲದಿದ್ದರೆ ತೊಲೆ ತೆಗೆದೊಡನೆ ಕಾರು ನಡುವಿನಲ್ಲಿ ಕುಸಿಯುತ್ತದೆ. ಒಂದು ಬದಿ ಪೂರ್ತಿಯಾದ ಮೇಲೆಯೇ ಇನ್ನೊಂದು ಬದಿಗೆ ಹೋಗುತ್ತಾನೆ. ಹೊಸ ತೊಲೆಯನ್ನು ಅಲ್ಲಲ್ಲಿ ಚುಕ್ಕೆ ಬೆಸುಗೆಯಿಂದ ನಿಲ್ಲಿಸಿ, ಬಾಗಿಲನ್ನು ತೂಗುಹಾಕಿ, ಸಂದು ಸರಿಯಿದೆಯೆಂದು ಖಚಿತವಾದ ನಂತರ ಮಾತ್ರ ಪೂರ್ಣ ಬೆಸುಗೆ. ಕೊನೆಗೆ ಬಣ್ಣ, ಆನಂತರ ತೊಲೆಯ ಒಳಗಿನ ಟೊಳ್ಳಿಗೆ ಮೇಣದ ಲೇಪನ. ನಮ್ಮ ಯಾವುದೇ ಒಳ್ಳೆಯ ಟಿಂಕರಿಂಗ್ ಕೆಲಸಗಾರನಿಗೆ ಇದು ಹೊಸ ವಿದ್ಯೆಯೇನಲ್ಲ. ಆದರೆ ಈ ಇಡೀ ಕ್ರಮ ಒಂದು ನಂಬಿಕೆಯ ಮೇಲೆ ನಿಂತಿದೆ: ಹೊಸ ತೊಲೆ ಬೇಕೆಂದಾಗ ಅದು ಅಂಗಡಿಯಲ್ಲಿ ಸಿಗುತ್ತದೆ, ಸಿಕ್ಕಿದ್ದು ಅಳತೆಗೆ ಹೊಂದುತ್ತದೆ ಎಂಬ ನಂಬಿಕೆ.

ಆ ನಂಬಿಕೆ ತಾನಾಗಿಯೇ ಹುಟ್ಟಿದ್ದಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಎಂ.ಜಿ.ಬಿ.ಯ ಬಾಡಿಗೆ ಬಳಸಿದ್ದ ಮೂಲ ಅಚ್ಚುಗಳನ್ನು ಒಟ್ಟುಗೂಡಿಸಿ, ದುರಸ್ತಿಪಡಿಸಿ, 1988ರಲ್ಲಿ ಆ ಕಾರಿನ ಸಂಪೂರ್ಣ ಹೊಸ ಬಾಡಿಯನ್ನೇ ತಯಾರಿಸಿ ಮಾರಲು ಆರಂಭಿಸಿತು. ಕಾರ್ಖಾನೆ ಮುಚ್ಚಿ ಆಗಲೇ ಎಂಟು ವರ್ಷಗಳಾಗಿದ್ದವು. ತೇಪೆ ಹಾಕಿ ದಣಿದವನು ಅಂದಿನಿಂದ ಹೊಸ ಬಾಡಿಗೆ ತನ್ನ ಹಳೆಯ ಎಂಜಿನ್, ಗೇರ್‌ಬಾಕ್ಸ್, ಆಸನಗಳನ್ನು ವರ್ಗಾಯಿಸಿಕೊಳ್ಳುವ ಆಯ್ಕೆ ಪಡೆದನು. ಅಷ್ಟೇ ಅಲ್ಲ, ಈ ಬಾಡಿಯ ಆಧಾರದ ಮೇಲೆಯೇ ರೋವರ್ ಕಂಪನಿ 1992ರಲ್ಲಿ ಆರ್.ವಿ.8 ಎಂಬ ಹೊಸ ಕಾರನ್ನು ಪರಿಚಯಿಸಿತು. 1995ರವರೆಗೆ ತಯಾರಾದದ್ದು ಸುಮಾರು 2,000. ಅವುಗಳಲ್ಲಿ ಹೆಚ್ಚಿನವು ಜಪಾನಿಗೆ ಹೋದವು. ಗುಜರಿಗೆ ಹೋಗಬಹುದಾಗಿದ್ದ ಅಚ್ಚುಗಳು ರಫ್ತಿನ ಸರಕಿಗೆ ಆಧಾರವಾದ ಕಥೆ ಇದು.

ವ್ಯಾಪಾರಿಗಳು ಗಮನಿಸಬೇಕಾದ ಅಂಶ ಇನ್ನೊಂದಿದೆ. ಇಂತಹ ಕಾರನ್ನು ಸಿದ್ಧಪಡಿಸಲು ತಗುಲುವ ಖರ್ಚು ಕಾರಿನ ಮಾರಾಟ ಬೆಲೆಯನ್ನು ಮೀರುವುದು ಸಾಮಾನ್ಯ. ಹವ್ಯಾಸಿ ತನ್ನ ಶ್ರಮಕ್ಕೆ ಕೂಲಿ ಕಟ್ಟುವುದಿಲ್ಲ. ಹಾಗೆ ಕಟ್ಟಿದರೆ ಲೆಕ್ಕವೇ ಕೂಡುವುದಿಲ್ಲ. ಲಾಭಕ್ಕಾಗಿ ಕೊಳ್ಳದ ಈ ಗ್ರಾಹಕ ಚೌಕಾಸಿಗಿಂತ ಗುಣಮಟ್ಟಕ್ಕೆ ಹೆಚ್ಚು ಬೆಲೆ ಕೊಡುತ್ತಾನೆ. ಆತನ ಪಟ್ಟಿಯನ್ನೊಮ್ಮೆ ನೋಡಿ: ಬಾಗಿಲಿನ ರಬ್ಬರ್, ಬ್ರೇಕ್ ಹೋಸ್, ವೀಲ್ ಸಿಲಿಂಡರ್, ಗ್ಯಾಸ್ಕೆಟ್, ಬುಷ್, ವೈರಿಂಗ್, ಛಾವಣಿಯ ಬಟ್ಟೆ, ಕ್ರೋಮ್ ಲೇಪನದ ಹಿಡಿಕೆಗಳು, ಮೆಟ್ರಿಕ್ ಅಲ್ಲದ ಹಳೆಯ ಇಂಚಿನ ಮರೆಯ ಬೋಲ್ಟುಗಳು. ಇವುಗಳಲ್ಲಿ ಪೀಣ್ಯದ ಶೆಡ್ಡುಗಳಲ್ಲಾಗಲೀ, ಬೆಳಗಾವಿ ಅಥವಾ ಶಿವಮೊಗ್ಗದ ಫೌಂಡ್ರಿಗಳಲ್ಲಾಗಲೀ ಆಗದ ಕೆಲಸ ಯಾವುದಿದೆ? ಐವತ್ತು, ನೂರು ಸಂಖ್ಯೆಯ ಆರ್ಡರನ್ನು ದೊಡ್ಡ ಕಾರ್ಖಾನೆ ಕಣ್ಣೆತ್ತಿ ನೋಡುವುದಿಲ್ಲ. ಸಣ್ಣ ಉದ್ಯಮಿಗೆ ಅದೇ ಅನುಕೂಲ.

ಇದು ಕೇವಲ ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಮನೆಯಂಗಳದಲ್ಲಿ ಬಿಚ್ಚಿ ಜೋಡಿಸಿಕೊಂಡು ಓಡಿಸುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು; ಇವುಗಳ ಸರದಿಯೂ ಬಂದೇ ಬರುತ್ತದೆ. 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪ್ರಕಟಿಸಿತು. ಹೊಸ ನೋಂದಣಿಗೆ ರೂ. 20,000, ಅವಧಿ 10 ವರ್ಷ. ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲವಾದರೂ, ಹಳೆಯ ವಾಹನಕ್ಕೆ ಕಾನೂನಿನಲ್ಲಿ ಒಂದು ಸ್ಥಾನ ದೊರೆತಂತಾಯಿತು.

ಇಂಧನದ ಬದಲಾವಣೆಯೂ ಹೊಸ ಬೇಡಿಕೆಯನ್ನು ತಂದಿದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥೆನಾಲ್ ಬೆರೆಯುತ್ತಿದೆ. ನಮ್ಮಲ್ಲಿ 2025ರ ವೇಳೆಗೆ ಅದು ಶೇ. 20ಕ್ಕೆ ಮುಟ್ಟಿತು. ಹಳೆಯ ಕಾಲದ ರಬ್ಬರ್ ಪೈಪುಗಳನ್ನೂ ಸೀಲುಗಳನ್ನೂ ಎಥೆನಾಲ್ ಕೆಡಿಸುತ್ತದೆ. ಹಳೆಯ ಅಳತೆ, ಹೊಸ ಮಿಶ್ರಣದ ರಬ್ಬರ್ ಇವೆರಡನ್ನೂ ಕೂಡಿಸಿ ಕೊಡಬಲ್ಲ ತಯಾರಕನಿಗೆ ಇಲ್ಲಿಯೂ ಹೊರದೇಶದಲ್ಲಿಯೂ ಗಿರಾಕಿಗಳಿದ್ದಾರೆ.

ಆಕ್ಷೇಪಣೆಗಳು ಇಲ್ಲದಿಲ್ಲ. ಡೈ ಇಟ್ಟುಕೊಳ್ಳುವುದೆಂದರೆ ಬಾಡಿಗೆ ತೆರುವ ಜಾಗವನ್ನು ಅದಕ್ಕೆ ಬಿಟ್ಟುಕೊಡುವುದು. ಎಲ್ಲ ಹಳೆಯ ಮಾಲಿಗೂ ಅಭಿಮಾನಿಗಳು ಹುಟ್ಟುವುದಿಲ್ಲ. ಇದು ನಿಜ. ಎರಡನೆಯದಾಗಿ, ಡೈ ನಮ್ಮ ಶೆಡ್ಡಿನಲ್ಲಿದ್ದರೂ ಅನೇಕ ವೇಳೆ ಅದರ ಮಾಲೀಕತ್ವ ಆರ್ಡರ್ ಕೊಟ್ಟ ಕಂಪನಿಯದು. ಒಪ್ಪಿಗೆಯಿಲ್ಲದೆ ಅದರಿಂದ ಮಾಲು ತೆಗೆಯುವುದಾಗಲೀ, ಆ ಕಂಪನಿಯ ಮುದ್ರೆ ಒತ್ತುವುದಾಗಲೀ ನ್ಯಾಯಸಮ್ಮತವಲ್ಲ. ಮೂರನೆಯದಾಗಿ, ಕಳಪೆ ನಕಲಿನ ಅಪಾಯ. ಮರುತಯಾರಿಕೆಯ ಭಾಗಗಳಲ್ಲಿ ಕೆಲವು ಅಳತೆಗೆ ಹೊಂದುವುದಿಲ್ಲ, ರಬ್ಬರ್ ಬಹುಬೇಗ ಬಿರುಕು ಬಿಡುತ್ತದೆ ಎಂಬ ದೂರು ಹಳೆಯ ಕಾರುಗಳ ಬಳಗದಲ್ಲಿ ಬಹಳ ಕಾಲದಿಂದ ಇದೆ. ಒಮ್ಮೆ ಕೆಟ್ಟ ಹೆಸರು ಬಂದರೆ ಈ ಚಿಕ್ಕ ಮಾರುಕಟ್ಟೆಯಲ್ಲಿ ಅದನ್ನು ಅಳಿಸುವುದು ಕಷ್ಟ, ಏಕೆಂದರೆ ಇಲ್ಲಿ ಗ್ರಾಹಕರು ಪರಸ್ಪರ ಪರಿಚಿತರು.

ಆದ್ದರಿಂದ ಎಲ್ಲವನ್ನೂ ಕೂಡಿಹಾಕಿ ಎಂಬುದು ನಮ್ಮ ಸಲಹೆಯಲ್ಲ. ನೋಡದೆ ತೂಕಕ್ಕೆ ಹಾಕಬೇಡಿ ಎಂಬುದಷ್ಟೇ. ಪ್ರತಿಯೊಂದು ಘಟಕವೂ ತನ್ನಲ್ಲಿರುವ ಡೈ, ಜಿಗ್, ಫೌಂಡ್ರಿಯ ಪ್ಯಾಟರ್ನ್‌ಗಳಿಗೆ ಒಂದು ದಾಖಲೆ ಪುಸ್ತಕ ಇರಿಸಲಿ: ಯಾವ ಭಾಗ, ಯಾವ ವಾಹನ, ಯಾವ ವರ್ಷ, ಮಾಲೀಕರು ಯಾರು, ಇಂದಿನ ಸ್ಥಿತಿ ಏನು. ಡೈ ಇರಿಸಲು ಸಾಧ್ಯವಿಲ್ಲದಿದ್ದರೆ ನಕಾಶೆಯನ್ನೂ, ಒಂದೆರಡು ಒಳ್ಳೆಯ ಮಾದರಿ ಭಾಗಗಳನ್ನೂ ಎಣ್ಣೆ ಸವರಿ ಕಾಪಾಡಲಿ. ಅವುಗಳಿಗೆ ಬೇಕಾದದ್ದು ಒಂದು ಕಪಾಟು ಮಾತ್ರ. ಹೊಸ ಆರ್ಡರ್ ಒಪ್ಪಿಕೊಳ್ಳುವಾಗಲೇ, ಮಾದರಿ ನಿಂತ ನಂತರ ಬಿಡಿಭಾಗ ತಯಾರಿಸುವ ಹಕ್ಕು ಯಾರಿಗೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಲಿ. ಇನ್ನು ವಾಣಿಜ್ಯ ಮಂಡಳಿಗಳು ಸದಸ್ಯರಿಂದ ಈ ವಿವರಗಳನ್ನು ಸಂಗ್ರಹಿಸಿ ಒಂದು ಸಾಮಾನ್ಯ ಪಟ್ಟಿ ಪ್ರಕಟಿಸಿದರೆ, ಬಿಡಿಭಾಗ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಗ್ರಾಹಕನಿಗೂ, ಎಲ್ಲೋ ಮೂಲೆಯಲ್ಲಿರುವ ತಯಾರಕನಿಗೂ ಸೇತುವೆ ಕಟ್ಟಿದಂತಾಗುತ್ತದೆ.

ಗುಜರಿಯವನು ಕೊಡುವ ಹಣ ಒಂದು ಸಲದ್ದು, ಅದೂ ಉಕ್ಕಿನ ತೂಕಕ್ಕೆ. ಆ ಅಚ್ಚನ್ನು ಮಾಡುವಾಗ ಟೂಲ್‌ರೂಮಿನ ಕುಶಲಕರ್ಮಿ ತೋರಿದ ಜಾಣ್ಮೆಗೆ ತಕ್ಕಡಿಯಲ್ಲಿ ಬೆಲೆಯಿಲ್ಲ. ಅದಕ್ಕೆ ಬೆಲೆ ಕಟ್ಟುವ ಗ್ರಾಹಕ ಇಂದು ಬಾರದಿರಬಹುದು, ಇಪ್ಪತ್ತು ವರ್ಷಗಳ ನಂತರ ಬಂದಾನು. ಆತ ಬಂದಾಗ ತೋರಿಸಲು ನಮ್ಮ ಬಳಿ ಏನಾದರೂ ಇರಬೇಕಾದರೆ, ದಾಖಲೆ ಪುಸ್ತಕದ ಮೊದಲ ಪುಟವನ್ನು ಈ ತಿಂಗಳಲ್ಲಿಯೇ ಬರೆಯಬೇಕಾಗಿದೆ.