ಟ್ರಾನ್ಸ್ ಫ್ಯಾಟ್ ವರದಿಯಲ್ಲಿ ಕಾಲಮ್‌ನ ವಿವರವೂ ಇರಲಿ

ಖಾದ್ಯ ತೈಲ, ವನಸ್ಪತಿ ಹಾಗೂ ಅವುಗಳನ್ನು ಬಳಸಿದ ತಿಂಡಿಗಳ ಕೊಬ್ಬಿನಲ್ಲಿ ಕೈಗಾರಿಕಾ ಟ್ರಾನ್ಸ್ ಫ್ಯಾಟ್ ಶೇ 2ನ್ನು ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿದೆ. ಎಣ್ಣೆ, ವನಸ್ಪತಿಗಳಿಗೆ ಅದರ ಹಿಂದಿನ ವರ್ಷ ಶೇ 3, ಅದಕ್ಕೂ ಮೊದಲು ಶೇ 5 ಮಿತಿ ಇತ್ತು. ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿಸಿ ಒಳ್ಳೆಯದನ್ನು ತಗ್ಗಿಸುವ ಕೊಬ್ಬಿಗೆ ಹೀಗೆ ಹಂತಹಂತವಾಗಿ ಕಡಿವಾಣ ಬಿದ್ದದ್ದು ಒಳ್ಳೆಯದೇ. ಆದರೆ ಮಿತಿ ಇಳಿದಷ್ಟೂ ಅಳತೆಯ ಸಣ್ಣ ತಪ್ಪಿಗೂ ದೊಡ್ಡ ಬೆಲೆ ಬರುತ್ತದೆ. ಶೇ 10 ಇರುವ ಕಡೆ ಅರ್ಧ ಅಂಶ ಆಚೀಚೆಯಾದರೆ ತೀರ್ಪು ಬದಲಾಗದು. ಶೇ 2ರ ಗೆರೆಯ ಹತ್ತಿರ ಅದೇ ಅರ್ಧ ಅಂಶ ಒಂದು ಸರಕನ್ನು ಪಾಸು ಮಾಡುತ್ತದೆ ಅಥವಾ ಫೇಲು ಮಾಡುತ್ತದೆ. ಆ ಅರ್ಧ ಅಂಶವನ್ನು ಎಷ್ಟೋ ಸಲ ನಿರ್ಧರಿಸುವುದು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದೊಳಗೆ ಸುರುಳಿ ಸುತ್ತಿಟ್ಟ, ಕೂದಲಿನಂತೆ ತೆಳುವಾದ ಕೊಳವೆ. ಅದೇ ಕಾಲಮ್. ಅದು ಯಾವುದು, ಎಷ್ಟು ಉದ್ದದ್ದು ಎಂಬುದನ್ನು ಪ್ರತಿ ವರದಿಯಲ್ಲೂ ಬರೆಯುವುದು ಕಡ್ಡಾಯವಾಗಬೇಕು.

ಯಾಕೆಂದರೆ ಇಲ್ಲಿ ಬೇರ್ಪಡಿಸಬೇಕಾದ ವಸ್ತುಗಳು ಅವಳಿಗಳು. ಶೇಂಗಾ ಎಣ್ಣೆಯಲ್ಲಿ ಧಾರಾಳವಾಗಿರುವ ಓಲಿಕ್ ಆಮ್ಲಕ್ಕೂ ಅದರ ಟ್ರಾನ್ಸ್ ರೂಪವಾದ ಎಲೈಡಿಕ್ ಆಮ್ಲಕ್ಕೂ 18 ಇಂಗಾಲ, 34 ಜಲಜನಕ, 2 ಆಮ್ಲಜನಕ, ಅಣುತೂಕವೂ ಒಂದೇ. ಜೋಡಿಬಂಧದ ಬಳಿ ಮೊದಲನೆಯದರ ಸರಪಳಿ ಬಾಗಿದೆ (ಸಿಸ್ ರೂಪ), ಎರಡನೆಯದರದ್ದು ಹೆಚ್ಚುಕಡಿಮೆ ನೆಟ್ಟಗಿದೆ (ಟ್ರಾನ್ಸ್ ರೂಪ). ಇಷ್ಟು ವ್ಯತ್ಯಾಸಕ್ಕೇ ಮೊದಲನೆಯದು ಸುಮಾರು 13 ಡಿಗ್ರಿಯಲ್ಲಿ ಕರಗಿದರೆ ಎರಡನೆಯದು ಕರಗಲು 45 ಡಿಗ್ರಿ ಬೇಕು. ಪರೀಕ್ಷೆಯಲ್ಲಿ ಕೊಬ್ಬನ್ನು ಮೀಥೈಲ್ ಎಸ್ಟರ್‌ಗಳಾಗಿ ಬದಲಿಸಿ, ಆವಿ ಮಾಡಿ, ಕಾಲಮ್ ಮೂಲಕ ಹಾಯಿಸುತ್ತಾರೆ. ಸಾಮಾನ್ಯ ಬಳಕೆಯ ಧ್ರುವೀಯವಲ್ಲದ ಕಾಲಮ್ ಹೆಚ್ಚಾಗಿ ಕುದಿಬಿಂದುವನ್ನು ನೋಡಿ ಬೇರ್ಪಡಿಸುವುದರಿಂದ ಈ ಅವಳಿಗಳು ಬಹುತೇಕ ಒಟ್ಟಿಗೇ ಹೊರಬರುತ್ತವೆ. ‘ವ್ಯಾಕ್ಸ್’ ಎಂಬ ಧ್ರುವೀಯ ಲೇಪನವಿರುವ 30 ಮೀಟರಿನ ಕಾಲಮ್ ಎಣ್ಣೆಯ ಒಟ್ಟು ಕೊಬ್ಬಿನಾಮ್ಲಗಳ ಚಿತ್ರ ಕೊಡಲು ಚೆನ್ನಾಗಿದೆ, ಆದರೆ ಸಿಸ್–ಟ್ರಾನ್ಸ್ ಭೇದದಲ್ಲಿ ಸೋಲುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಒಳಗೋಡೆಗೆ ಸಯನೋಪ್ರೊಪೈಲ್ ಸಿಲಿಕೋನ್ ಲೇಪಿಸಿದ, ಬಲು ಧ್ರುವೀಯವಾದ 100 ಮೀಟರ್ ಕಾಲಮ್. ಅಂತರರಾಷ್ಟ್ರೀಯ ಮಾನ್ಯತೆ ಪಡೆದ ವಿಧಾನಗಳು ಹೇಳುವುದೂ ಇದನ್ನೇ.

ತಪ್ಪು ಕಾಲಮ್ ತರುವ ದೋಷ ಎರಡೂ ಕಡೆ ಸಮನಾಗಿ ವಾಲುವುದಿಲ್ಲ ಎಂಬುದೇ ಹೆಚ್ಚು ಕಳವಳದ ಸಂಗತಿ. ಯಂತ್ರ ಬರೆಯುವ ರೇಖಾಚಿತ್ರದಲ್ಲಿ ಟ್ರಾನ್ಸ್ ಅಂಶದ ಒಂದು ಪಾಲು ಓಲಿಕ್‌ನ ದೊಡ್ಡ ಶಿಖರದೊಳಗೆ ಅಡಗಿ, ಒಳ್ಳೆಯ ಕೊಬ್ಬಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ನಿಜದಲ್ಲಿ ಶೇ 2.4 ಇರುವ ಮಾದರಿಯಲ್ಲಿ 0.6ರಷ್ಟು ಹೀಗೆ ಅಡಗಿತು ಎಂದುಕೊಳ್ಳಿ. ವರದಿಯಲ್ಲಿ ಕಾಣುವುದು ಶೇ 1.8. ತಯಾರಕನಿಗೂ ಅಧಿಕಾರಿಗೂ ನೆಮ್ಮದಿ, ನಷ್ಟ ಮಾತ್ರ ತಿನ್ನುವವನಿಗೆ. 100 ಮೀಟರ್ ಕಾಲಮ್ ಕೂಡ ಪರಿಪೂರ್ಣವಲ್ಲ ಎಂಬುದನ್ನು ಒಪ್ಪಲೇಬೇಕು. ಅದರಲ್ಲೂ ಕೆಲವು ಟ್ರಾನ್ಸ್ ರೂಪಗಳು ಓಲಿಕ್ ಜೊತೆ ಬೆರೆಯುತ್ತವೆ. ಉಷ್ಣತೆ ಕೆಲವೇ ಡಿಗ್ರಿ ಬದಲಾದರೂ ಶಿಖರಗಳು ಜಾಗ ಬದಲಿಸುತ್ತವೆ. ಹಾಗಾಗಿಯೇ ಕಾಲಮ್ ಜೊತೆಗೆ ಉಷ್ಣತೆಯ ವಿವರವೂ ವರದಿಯಲ್ಲಿರಬೇಕು.

ದುಬಾರಿ ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಕಾಲಮ್ ಯಾವುದಾದರೇನು ಎಂದು ಕೇಳುವವರಿದ್ದಾರೆ. ಕೀಟನಾಶಕಗಳ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ಬೆಲೆಯಿದೆ. ಇಲ್ಲಿ ಇಲ್ಲ: ತೂಕ ಒಂದೇ, ಒಡೆಯುವ ರೀತಿಯೂ ಹೆಚ್ಚುಕಡಿಮೆ ಒಂದೇ ಆದ ಅಣುಗಳನ್ನು ಆ ಯಂತ್ರವೂ ಗುರುತಿಸಿ ಹೇಳಲಾರದು. ಖರ್ಚು ಮತ್ತು ಸಮಯದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಉದ್ದದ ಕಾಲಮ್‌ಗೆ ಬೆಲೆ ಹೆಚ್ಚು, ಒಂದೊಂದು ಮಾದರಿಗೂ ಗಂಟೆಯ ಆಸುಪಾಸು ಹಿಡಿಯುತ್ತದೆ. ಸಣ್ಣ ಪ್ರಯೋಗಾಲಯಕ್ಕೆ ಅದು ನಿಜವಾದ ಭಾರ. ಆದರೆ ಎಲ್ಲ ಪರೀಕ್ಷೆಗೂ ಅದನ್ನೇ ಬಳಸಿ ಎಂದು ಯಾರೂ ಕೇಳುತ್ತಿಲ್ಲ. ಸಾಮಾನ್ಯ ಕೊಬ್ಬಿನಾಮ್ಲ ಪರೀಕ್ಷೆಗೆ 30 ಮೀಟರ್ ಸಾಕು. ಅದರಿಂದ ಟ್ರಾನ್ಸ್ ಸಂಖ್ಯೆ ಹೊರತೆಗೆದು ಸಹಿ ಹಾಕುವುದು ಬೇಡ. ಇನ್‌ಫ್ರಾರೆಡ್ ವಿಧಾನ ಅಗ್ಗ ಮತ್ತು ಚುರುಕು, ಆದರೆ ಅದರ ನೆಚ್ಚಿಕೆ ಕುಸಿಯುವುದೇ ಈ ಕಡಿಮೆ ಪ್ರಮಾಣಗಳಲ್ಲಿ. ಇನ್ನು, ಪ್ರಯೋಗಾಲಯಕ್ಕೆ ಮಾನ್ಯತಾ ಪತ್ರ ಇದೆಯಲ್ಲ ಎನ್ನುವ ಮಾತು. ಮಾನ್ಯತೆ ಹೇಳುವುದು ಆ ಪ್ರಯೋಗಾಲಯಕ್ಕೆ ವಿಧಾನ ಗೊತ್ತಿದೆ ಎಂದು. ಕೈಯಲ್ಲಿರುವ ವರದಿ ಯಾವ ಕಾಲಮ್‌ನಿಂದ ಬಂತು ಎಂಬುದನ್ನು ವರದಿಯೇ ಹೇಳಬೇಕು.

ತಕರಾರು ಬಂದ ಆಹಾರ ಮಾದರಿಗಳನ್ನು ಮರುಪರೀಕ್ಷಿಸುವ ರೆಫರಲ್ ಪ್ರಯೋಗಾಲಯಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಕೂಡ ಒಂದು. ಮೊದಲ ಪರೀಕ್ಷೆ ಒಂದು ಕಾಲಮ್‌ನಲ್ಲಿ, ಮರುಪರೀಕ್ಷೆ ಇನ್ನೊಂದರಲ್ಲಿ ನಡೆದರೆ ಸಂಖ್ಯೆಗಳು ಹೊಂದುವುದಿಲ್ಲ. ಆಗ ಕಲಬೆರಕೆ ಮಾಡಿದವನಿಗೆ ವಕೀಲರ ವಾದ ಸುಲಭವಾಗುತ್ತದೆ, ತಪ್ಪು ಮಾಡದ ಸಣ್ಣ ಬೇಕರಿಯವನು ಅಲೆದಾಡಬೇಕಾಗುತ್ತದೆ. ಪ್ರಯೋಗಾಲಯಗಳಿಗೆ ಯಂತ್ರ ಕೊಳ್ಳಲು ಟೆಂಡರ್ ಕರೆಯುವಾಗ ಅದರ ಬೆಲೆಗೆ ಪುಟಗಟ್ಟಲೆ ಷರತ್ತು ಬರೆದು, ಕಾಲಮ್ ವಿಚಾರವನ್ನು ಒಂದೇ ಸಾಲಿಗೆ ಬಿಡುವುದು ಸರಿಯಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ವರದಿಯ ನಮೂನೆಯಲ್ಲಿ ಕಾಲಮ್‌ನ ಲೇಪನ, ಉದ್ದ, ಉಷ್ಣತೆ ಎಂಬ ಮೂರು ಅಂಕಣ ಸೇರಿಸಲಿ. ಅದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಕಾನೂನೂ ಬೇಡ. ಅಲ್ಲಿಯವರೆಗೆ, ಹಣ ಕೊಟ್ಟು ಪರೀಕ್ಷೆ ಮಾಡಿಸುವ ಬೇಕರಿ ಮಾಲೀಕರು, ಗಾಣದವರು, ಗ್ರಾಹಕ ಸಂಘಗಳು ವರದಿ ಕೈಗೆ ಬಂದಾಗ ಈ ಮೂರನ್ನೂ ಕೇಳಿ ಬರೆಸಿಕೊಳ್ಳಬೇಕು.